ತೋಳು ಕೊಟ್ಟವನ ಮನಸ್ಸು ಕೇಳಿದವರು ಯಾರು?

(ಕನಕಗಿರಿಯಲ್ಲಿ ನಡೆದ ಕನ್ನಡ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು. ಪತ್ರಿಕೆಯ ಓದುಗರಿಗಾಗಿ ಅವರೇ ಬರೆದುಕೊಟ್ಟಿದ್ದು.)



ನಾನು ಭಾಷಣಕಾರನಲ್ಲ. ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ಓದಿದ್ದು ಪಿ.ಯು.ಸಿ.ವರೆಗೆ ಮಾತ್ರ. ಅಪ್ಪನ ಕಾಲದ ಟ್ರೆಡಲ್ ಮಷೀನು ಈಗಲೂ ಪ್ರೆಸ್ಸಿನ ಮೂಲೆಯಲ್ಲಿ ನಿಂತಿದೆ. ಹೊಟ್ಟೆ ತುಂಬಿಸುವುದು ಕಂಪ್ಯೂಟರು ಮತ್ತು ಆಫ್‌ಸೆಟ್ಟು. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ತೀರಿಕೊಂಡವರ ಮೂರನೇ ದಿನದ ಕಾರ್ಡು, ಇವೇ ನನ್ನ ಸಾಹಿತ್ಯ. ಇಪ್ಪತ್ತು ವರ್ಷ ಪ್ರೂಫ್ ನೋಡಿ ನೋಡಿ ಒಂದು ಚಟ ಅಂಟಿಕೊಂಡಿದೆ. ಯಾವ ಕಾಗದ ಕೈಗೆ ಬಂದರೂ ಕಣ್ಣು ಮೊದಲು ತಪ್ಪು ಹುಡುಕುತ್ತದೆ. ಇವತ್ತು ನಿಮಗೆ ಹೇಳುವುದೂ ಒಂದು ತಪ್ಪಿನ ಕಥೆಯನ್ನೇ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ರೂಮು ಮಾಡಿಕೊಂಡು ದುಡಿಯುವ, ಓದುವ ನಿಮ್ಮಂಥ ಹುಡುಗ ಹುಡುಗಿಯರಿಗೆ ಇದು ಹೆಚ್ಚು ಬೇಕು. ಯಾಕೆಂದರೆ ಹೊಸ ಲಸಿಕೆಯ ಪ್ರಯೋಗಕ್ಕೆ ಆರೋಗ್ಯವಂತ ತೋಳು ಬೇಕು. ಅದು ಇರುವುದು ನಿಮ್ಮಲ್ಲಿ!

2021ರ ಬೇಸಿಗೆ ಶುರುವಾಗುವ ಹೊತ್ತು. ನಮ್ಮ ಓಣಿಯ ಒಬ್ಬ ತಾಯಿ ಪ್ರೆಸ್ಸಿಗೆ ಬಂದಳು. ಸೆರಗಿನೊಳಗೆ ಒಂದು ಪ್ಲಾಸ್ಟಿಕ್ ಫೈಲು. "ತಮ್ಮಾ, ಇದನ್ನೀಟು ಓದಿ ಹೇಳು. ಊರಿಗೆ ಬಂದು ತಿಂಗಳಾತು, ನನ್ನ ಮಗ ರಾತ್ರಿ ಮಲಗವಲ್ಲ. ಇದರಾಗ ಏನೋ ಐತಿ" ಅಂದಳು. ಫೈಲು ಬಿಚ್ಚಿದೆ. ದೂರದ ಊರಿನ ಒಂದು ಆಸ್ಪತ್ರೆಯಲ್ಲಿ ನಡೆದ ಲಸಿಕೆ ಪ್ರಯೋಗದ ಒಪ್ಪಿಗೆ ಪತ್ರ. ಯಾವ ಊರು, ಯಾವ ಆಸ್ಪತ್ರೆ, ಯಾವ ಲಸಿಕೆ ಎಂದು ಹೇಳುವುದಿಲ್ಲ. ಹುಡುಗ ಬೇಡ ಅಂದಿದ್ದಾನೆ, ಅಷ್ಟು ಸಾಕು.

ಮುಂದೆ ಇಂಗ್ಲಿಷಿನ ಹಾಳೆಗಳು, ಹಿಂದೆ ಕನ್ನಡದವು. ಕನ್ನಡವೂ ಇತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಎಂಥ ಕನ್ನಡ! ಎರಡನೇ ಪುಟದಲ್ಲೇ ಒಂದು ಸಾಲು: "ಇದು ಜೋಡಿ-ಕುರುಡು ಅಧ್ಯಯನವಾಗಿರುತ್ತದೆ." ನಾನು ಜೋರಾಗಿ ಓದಿಬಿಟ್ಟೆ, ಓದಬಾರದಿತ್ತು. ತಾಯಿಯ ಮುಖ ಬಿಳುಚಿತು. "ಹಂಗಾರ ಕಣ್ಣು ಹೋಗ್ತಾವೇನೋ ತಮ್ಮಾ? ಎರಡೂ?" ಅಂದಳು.

ಕಣ್ಣಿದ್ದವರು ಕನಕಗಿರಿ ನೋಡಬೇಕು ಅನ್ನುವ ಮಾತು ಕೇಳುತ್ತ ಬೆಳೆದ ಊರಿನ ಹೆಣ್ಣುಮಗಳಿಗೆ ಕೊಟ್ಟ ಕಾಗದ ಇದು.

ಅದರ ಅರ್ಥ ನನಗೂ ಆಮೇಲೆ ಗೊತ್ತಾಯಿತು. ಪ್ರಯೋಗದಲ್ಲಿ ಅರ್ಧ ಜನಕ್ಕೆ ಲಸಿಕೆ, ಉಳಿದವರಿಗೆ ಲಸಿಕೆಯಿಲ್ಲದ ಬರೀ ಚುಚ್ಚುಮದ್ದು. ಇದನ್ನೇ ಪ್ಲಸೀಬೊ ಅನ್ನುತ್ತಾರೆ. ಯಾರಿಗೆ ಯಾವುದು ಬಂತು ಎಂಬುದು ಹಾಕಿಸಿಕೊಂಡವನಿಗೂ ಗೊತ್ತಿರುವುದಿಲ್ಲ, ಹಾಕಿದ ಡಾಕ್ಟರಿಗೂ ಗೊತ್ತಿರುವುದಿಲ್ಲ. ಲೆಕ್ಕ ಸರಿಯಾಗಿ ಸಿಗಬೇಕಾದರೆ ಹಾಗೆ ಮುಚ್ಚಿಡಲೇಬೇಕು. "ಯಾವ ಸೂಜಿ ಯಾರಿಗೆ ಎಂದು ಇಬ್ಬರಿಗೂ ಗೊತ್ತಿರುವುದಿಲ್ಲ" ಎಂದು ಬರೆದಿದ್ದರೆ ಮುಗಿಯುತ್ತಿತ್ತು.

ಅದಕ್ಕಿಂತ ದೊಡ್ಡ ತಪ್ಪು ಹಿಂದಿನ ಪುಟದಲ್ಲಿತ್ತು. ಮನಸ್ಸಿನ ಆರೋಗ್ಯದ ಪ್ರಶ್ನೆಗಳು. ಪ್ರಯೋಗಕ್ಕೆ ಸೇರಿಸಿಕೊಳ್ಳುವ ಮುಂಚೆ ರಕ್ತ, ಬಿ.ಪಿ. ನೋಡಿದ ಹಾಗೆ ಮನಸ್ಸನ್ನೂ ನೋಡುವುದಕ್ಕೆ ಇಟ್ಟದ್ದು. ಒಳ್ಳೆಯ ಕೆಲಸವೇ. ಆದರೆ ಪ್ರಶ್ನೆ ಹೀಗಿತ್ತು: "ಕಳೆದ ಎರಡು ವಾರಗಳಲ್ಲಿ ನೀವು ಕೆಳಗೆ ಅನುಭವಿಸಿದ್ದೀರಾ?" ಹುಡುಗ "ಇಲ್ಲ" ಎಂಬ ಚೌಕದಲ್ಲಿ ಟಿಕ್ ಹಾಕಿದ್ದ. ಆಮೇಲೆ ಕೇಳಿದೆ. "ಕೆಳಗ ಅಂದ್ರ ತಲಿ ತಿರುಗಿ ಬೀಳೋದು ಅಂದ್ಕೊಂಡೆ ಅಣ್ಣಾ. ನಾ ಎಲ್ಲಿ ಬಿದ್ದಿದ್ದೆ?" ಅಂದ.

ಅವನು ನಿಜವಾಗಿ ಬಿದ್ದಿದ್ದ. 2020ರ ಲಾಕ್‌ಡೌನಿನಲ್ಲಿ ಕೆಲಸ ಹೋಗಿತ್ತು, ರೂಮಿನ ಬಾಡಿಗೆ ನಿಂತಿತ್ತು, ಅಕ್ಕನ ಮದುವೆಯ ಸಾಲ ತಲೆಯ ಮೇಲಿತ್ತು. ನಮ್ಮ ಕಡೆ ಇದಕ್ಕೆ ಮಾತಿಲ್ಲವೇ? ಬೇಕಾದಷ್ಟಿವೆ! "ಯಾತಕ್ಕೂ ಮನಸಿಲ್ಲ" ಅನ್ನುತ್ತೇವೆ. "ಜೀವ ಕಸಿವಿಸಿ ಆಗೇತಿ", "ಎದಿ ಡವಡವ ಅಂತೈತಿ", "ಬ್ಯಾಸರಾಗೇತಿ" ಅನ್ನುತ್ತೇವೆ. ಈ ಬ್ಯಾಸರದೊಳಗೆ ದುಃಖವೂ ಇದೆ, ಆಯಾಸವೂ ಇದೆ, ಬದುಕೇ ಸಾಕು ಅನ್ನುವುದೂ ಒಮ್ಮೊಮ್ಮೆ ಇರುತ್ತದೆ. ಎದುರಿಗೆ ಕೂತು "ನಿದ್ದಿ ಬರ್ತೈತೇನಪ್ಪಾ? ಊಟ ಸೇರ್ತೈತಾ?" ಎಂದು ಒಬ್ಬರು ಕೇಳಿದ್ದರೆ ಹುಡುಗ ಐದು ನಿಮಿಷದಲ್ಲಿ ಎಲ್ಲವನ್ನೂ ಹೇಳುತ್ತಿದ್ದ. ಚೌಕದಲ್ಲಿ ಟಿಕ್ ಹಾಕಿಸಿಕೊಂಡರು. ಕಾಗದದ ಪ್ರಕಾರ ಅವನ ಮನಸ್ಸು ಸರಿಯಿತ್ತು.

ಮುಂದಿನದನ್ನು ಕೇಳಿ. ಎರಡು ಡೋಸು ಆದವು. ಮೈಗೆ ಏನೂ ಆಗಲಿಲ್ಲ. ಅಷ್ಟರಲ್ಲಿ ಮೊಬೈಲಿನಲ್ಲಿ ಸುದ್ದಿಗಳು ಒಂದರ ಹಿಂದೆ ಒಂದು. ಚೆನ್ನೈನಲ್ಲಿ ಕೋವಿಶೀಲ್ಡ್ ಪ್ರಯೋಗದಲ್ಲಿದ್ದ 40 ವರ್ಷದ ಒಬ್ಬರು ತಮಗೆ ನರ ಮತ್ತು ಮನಸ್ಸಿನ ತೊಂದರೆ ಆಯಿತೆಂದು 2020ರ ನವೆಂಬರಿನಲ್ಲಿ 5 ಕೋಟಿ ರೂಪಾಯಿ ಪರಿಹಾರ ಕೇಳಿ ನೋಟೀಸು ಕೊಟ್ಟಿದ್ದರು. ಸೀರಂ ಸಂಸ್ಥೆ ಅದಕ್ಕೆ ಉತ್ತರವಾಗಿ 100 ಕೋಟಿಯ ಮಾನನಷ್ಟದ ಮಾತಾಡಿತು, ಲಸಿಕೆಗೂ ಕಾಯಿಲೆಗೂ ಸಂಬಂಧವಿಲ್ಲ ಎಂದಿತು. ಸಂಬಂಧ ಇದೆಯೋ ಇಲ್ಲವೋ ಹೇಳಲು ನಾನು ಡಾಕ್ಟರಲ್ಲ. ಆದರೆ ಕಾಯಿಲೆ ಅಂದವನ ಎದುರು ನೂರು ಕೋಟಿ ಎತ್ತಿ ಹಿಡಿದರೆ ಉಳಿದ ಸ್ವಯಂಸೇವಕರು ಬಾಯಿ ಬಿಡುತ್ತಾರೆಯೇ? ಆಮೇಲೆ ಭೋಪಾಲದ ಸುದ್ದಿ. ಕೋವ್ಯಾಕ್ಸಿನ್ ಪ್ರಯೋಗದಲ್ಲಿದ್ದ ಒಬ್ಬ ಕೂಲಿಕಾರ ಡಿಸೆಂಬರಿನಲ್ಲಿ ತೀರಿಕೊಂಡಿದ್ದು 2021ರ ಜನವರಿಯಲ್ಲಿ ಹೊರಗೆ ಬಂತು. ಸಾವಿಗೆ ಲಸಿಕೆ ಕಾರಣವಲ್ಲ ಎಂದು ಕಂಪನಿಯೂ ಸರ್ಕಾರವೂ ಹೇಳಿದವು. ಅನಿಲ ದುರಂತದ ಸಂತ್ರಸ್ತರ ಓಣಿಗಳ ಬಡವರು, ತಮಗೆ 750 ರೂಪಾಯಿ ಸಿಗುತ್ತದೆಂದು ಕರೆದರು, ಪ್ರಯೋಗ ಎಂದು ತಿಳಿಸಲೇ ಇಲ್ಲ ಎಂದು ದೂರಿದರು. ಆಸ್ಪತ್ರೆ ಅದನ್ನು ಒಪ್ಪಲಿಲ್ಲ.

ನಮ್ಮ ಹುಡುಗ ರೂಮಿನಲ್ಲಿ ಒಬ್ಬನೇ ಕೂತು ಇದನ್ನೆಲ್ಲ ನೋಡುತ್ತಿದ್ದ. ತಲೆ ನೋವಾದರೆ ಲಸಿಕೆ, ಕೈ ಜುಮ್ ಅಂದರೆ ಲಸಿಕೆ. ರಾತ್ರಿ ಎದೆಯ ಬಡಿತ ಎಣಿಸುತ್ತ ಮಲಗುವುದು. ಫೈಲಿನ ಮೇಲಿದ್ದ ನಂಬರಿಗೆ ಎರಡು ಸಲ ಫೋನು ಮಾಡಿದ. ಆ ಕಡೆಯಿಂದ ಇಂಗ್ಲಿಷು, ಸ್ವಲ್ಪ ಹಿಂದಿ. ಜ್ವರ ಇದೆಯಾ? ಇಲ್ಲ. ಬಾವು ಇದೆಯಾ? ಇಲ್ಲ. ಗುಳ್ಳೆ ಎದ್ದಿದೆಯಾ? ಇಲ್ಲ. ಸರಿ, ಇಟ್ಟರು. ಭಯ ಇದೆಯಾ ಎಂದು ಅವರ ಪಟ್ಟಿಯಲ್ಲಿ ಇರಲಿಲ್ಲ. ಹಿಂದಿಯಲ್ಲಿ ಅದನ್ನು ಹೇಳಲು ಇವನಿಗೆ ಬರಲಿಲ್ಲ.

18 ದಾಟಿದ ಎಲ್ಲರಿಗೂ 2021ರ ಮೇ ತಿಂಗಳಿನಿಂದ ಲಸಿಕೆ ಎಂದಾಗ ಆಸ್ಪತ್ರೆಯಿಂದ ಕರೆ ಬಂತು. ನಿನಗೆ ಹಾಕಿದ್ದು ಲಸಿಕೆಯಲ್ಲ, ಪ್ಲಸೀಬೊ, ಬಂದು ನಿಜವಾದದ್ದು ಹಾಕಿಸಿಕೊ ಎಂದರು. ಓಣಿಯಲ್ಲಿ ನಗೆಯೋ ನಗೆ! "ನೀರಿನ ಸೂಜಿಗೆ ಹುಚ್ಚಾದ" ಎಂದರು. ನನಗೆ ಸಿಟ್ಟು ಬಂತು. ಈಗಲೂ ಬರುತ್ತದೆ. ಸೂಜಿಯಲ್ಲಿ ಔಷಧ ಇರಲಿಲ್ಲ, ಸರಿ. ನಾಲ್ಕು ತಿಂಗಳು ನಿದ್ದೆ ಇಲ್ಲದ್ದು ಸುಳ್ಳೇನು?

ಅವನೊಬ್ಬನೇ ಅಲ್ಲ. ಕೋವಿಡ್ ಲಸಿಕೆಯ 12 ಪ್ರಯೋಗಗಳ ಲೆಕ್ಕ ಹಾಕಿದ ಒಂದು ಲೇಖನ 2022ರ ಜನವರಿಯಲ್ಲಿ ಅಮೆರಿಕದ ಜಾಮಾ ನೆಟ್‌ವರ್ಕ್ ಓಪನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಪ್ಲಸೀಬೊ ಪಡೆದವರಲ್ಲೇ ಮೊದಲ ಡೋಸಿನ ಮೇಲೆ ನೂರಕ್ಕೆ 35 ಜನ ತಲೆನೋವು, ಸುಸ್ತು ಮುಂತಾದ ತೊಂದರೆ ಹೇಳಿದ್ದರು. ಡಾಕ್ಟರುಗಳು ಇದಕ್ಕೆ ನೊಸೀಬೊ ಅನ್ನುತ್ತಾರೆ. ಕೆಟ್ಟದ್ದು ಆದೀತು ಎಂಬ ನಿರೀಕ್ಷೆಯೇ ಮೈಯಲ್ಲಿ ನೋವಾಗಿ ಕಾಣಿಸುವುದು. ಅವರು ನಾಟಕ ಮಾಡುತ್ತಿಲ್ಲ. ನೋವು ನಿಜ, ಕಾರಣ ಬೇರೆ. ಇದನ್ನು ಮೊದಲೇ ತಿಳಿ ಹೇಳಿದರೆ ಎಷ್ಟೋ ಭಯ ಇಳಿಯುತ್ತದೆ.

ಇಷ್ಟು ಕೇಳಿ "ಲಸಿಕೆಯೇ ಬೇಡ" ಎನ್ನುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, ನಿಲ್ಲಿ. ನಾನು ಆ ಗುಂಪಿನವನಲ್ಲ. 1897ರ ಜನವರಿಯಲ್ಲಿ ಬೊಂಬಾಯಿಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ ತಾನು ಮಾಡಿದ ಪ್ಲೇಗಿನ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡ. ಮರುವರ್ಷ ಹುಬ್ಬಳ್ಳಿಯಲ್ಲಿ ಪ್ಲೇಗು ಊರನ್ನು ನುಂಗುತ್ತಿದ್ದಾಗ 30 ಸಾವಿರಕ್ಕೂ ಹೆಚ್ಚು ಜನ ಅದನ್ನು ಹಾಕಿಸಿಕೊಂಡರು. ನಮ್ಮ ಅಜ್ಜನ ಅಜ್ಜಂದಿರ ಧೈರ್ಯ ಅದು! 2020ರಲ್ಲಿ ಕೋವ್ಯಾಕ್ಸಿನ್ ಪ್ರಯೋಗಕ್ಕೆ ಆರಿಸಿದ ಮೊದಲ ಆಸ್ಪತ್ರೆಗಳಲ್ಲಿ ಬೆಳಗಾವಿಯ ಜೀವನ್ ರೇಖಾ ಇತ್ತು. ಕೋವಿಶೀಲ್ಡ್ ಪ್ರಯೋಗ ಮೈಸೂರಿನ ಜೆ.ಎಸ್.ಎಸ್.ನಲ್ಲೂ ನಡೆಯಿತು. ಇಂಗ್ಲೆಂಡಿನಲ್ಲಿ ಒಬ್ಬ ಸ್ವಯಂಸೇವಕರಿಗೆ ಕಾಯಿಲೆಯಾಗಿ ಆ ಪ್ರಯೋಗವನ್ನೇ 2020ರ ಸೆಪ್ಟೆಂಬರಿನಲ್ಲಿ ಕೆಲವು ದಿನ ನಿಲ್ಲಿಸಿದಾಗ, ಆಗಲೇ ಡೋಸು ಪಡೆದು ಮನೆಯಲ್ಲಿ ಕೂತವರ ರಾತ್ರಿ ಹೇಗೆ ಕಳೆದಿರಬೇಕು, ಯೋಚಿಸಿ. ಅಂಥವರ ತೋಳಿನ ಋಣದಲ್ಲಿ ನಾವು ಬದುಕಿದ್ದೇವೆ. ಋಣ ಇರುವುದರಿಂದಲೇ ಕೇಳುತ್ತಿದ್ದೇನೆ, ಅವರ ಮನಸ್ಸನ್ನು ಯಾರು ನೋಡಿಕೊಂಡರು?

ನೋಡಿಕೊಳ್ಳಲು ಬರುವುದಿಲ್ಲ ಎಂದಲ್ಲ. ಪುಣೆಯಲ್ಲಿ 2005ರಲ್ಲಿ, ಚೆನ್ನೈನಲ್ಲಿ 2006ರಲ್ಲಿ ಏಡ್ಸ್ ತಡೆಯುವ ಲಸಿಕೆಯ ಪ್ರಯೋಗ ನಡೆಯಿತು. ಒಂದೊಂದರಲ್ಲಿ ಮೂವತ್ತರ ಆಸುಪಾಸು ಜನ ಅಷ್ಟೆ. ಇಂಥ ಲಸಿಕೆಯಲ್ಲಿ ಒಂದು ವಿಚಿತ್ರ ತೊಡಕಿದೆ. ರೋಗ ಇಲ್ಲದಿದ್ದರೂ ಲಸಿಕೆಯ ಕಾರಣದಿಂದಲೇ ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಎಚ್.ಐ.ವಿ. ಪಾಸಿಟಿವ್ ಎಂದು ಬರಬಹುದು. ಮದುವೆಗೆ ನಿಂತ ಹುಡುಗನ ಗತಿ ಏನು? ನೌಕರಿಯ ಮೆಡಿಕಲ್ಲಿಗೆ ಹೋದವನ ಗತಿ? ಅದಕ್ಕೇ ಅಲ್ಲಿ ಆಪ್ತಸಮಾಲೋಚಕರು ಬೇಕೇಬೇಕು. ಇಂಥ ಪ್ರಯೋಗಗಳಲ್ಲಿ ಸ್ವಯಂಸೇವಕನಿಗೆ ಅರ್ಥವಾಗಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವ ಕ್ರಮವೂ ಇದೆ. ಓದಿದೆ ಎಂದರೆ ಸಾಲದು, ಅರ್ಥವಾದದ್ದನ್ನು ಅವನೇ ತಿರುಗಿ ಹೇಳಬೇಕು. ಲಂಡನ್ನಿನಲ್ಲಿ 2021ರಲ್ಲಿ 36 ಎಳೆಯರಿಗೆ ಬೇಕೆಂದೇ ಕೊರೋನಾ ಸೋಂಕು ತಗುಲಿಸಿ ಎರಡು ವಾರಕ್ಕೂ ಹೆಚ್ಚು ಒಂಟಿ ಕೋಣೆಯಲ್ಲಿಟ್ಟು ನೋಡಿದರು. ಖಿನ್ನತೆ, ಆತಂಕ ಇದೆಯೇ ಎಂದು ಮೊದಲೇ ಪರೀಕ್ಷಿಸಿ ಆರಿಸಿದ್ದರು.

ಖಮ್ಮಂ ಜಿಲ್ಲೆಯ ಕಥೆ ಬೇರೆ. 2009ರಲ್ಲಿ ಅಲ್ಲಿ 10ರಿಂದ 14 ವರ್ಷದ ಸಾವಿರಾರು ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್.ಪಿ.ವಿ. ಲಸಿಕೆ ಹಾಕಿದರು. ಹೆಚ್ಚಿನವರು ಬುಡಕಟ್ಟಿನ, ಬಡವರ ಮಕ್ಕಳು, ಹಾಸ್ಟೆಲಿನವರು. ಒಪ್ಪಿಗೆ ಪತ್ರಗಳಿಗೆ ಎಷ್ಟೋ ಕಡೆ ವಾರ್ಡನ್ನರೇ ಸಹಿ ಹಾಕಿದ್ದರು! ಆಂಧ್ರ ಮತ್ತು ಗುಜರಾತ್ ಸೇರಿ ಏಳು ಹುಡುಗಿಯರು ತೀರಿಕೊಂಡರು. 2010ರ ಏಪ್ರಿಲಿನಲ್ಲಿ ಯೋಜನೆ ನಿಂತಿತು. ಸಾವುಗಳಿಗೆ ಲಸಿಕೆ ಕಾರಣವಲ್ಲ ಎಂದು ತನಿಖೆ ಹೇಳಿತು. ಎರಡು ಸಾವು ಕೀಟನಾಶಕ ಕುಡಿದು ಆದವು ಎಂದು ದಾಖಲಾಯಿತು. ಇದು ಪ್ರಯೋಗವಲ್ಲ, ಪ್ರಾತ್ಯಕ್ಷಿಕೆ ಎಂದು ನಡೆಸಿದವರು ವಾದಿಸಿದರೆ, 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಅವರಿಗೆ ಚೆನ್ನಾಗಿ ಛೀಮಾರಿ ಹಾಕಿತು. ಲಸಿಕೆಯಿಂದ ಆ ಮಕ್ಕಳು ಸತ್ತರು ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಿಕೊಂಡು ತಿರುಗಬೇಡಿ. ಅದೇ ಲಸಿಕೆ ಇವತ್ತು ಲೋಕದ ಎಷ್ಟೋ ದೇಶಗಳಲ್ಲಿ ಹೆಣ್ಣುಮಕ್ಕಳನ್ನು ಕಾಪಾಡುತ್ತಿದೆ. ಆದರೆ ಸಹಿಯನ್ನೇ ವಾರ್ಡನ್ ಹಾಕಿದ ಮೇಲೆ ಆ ಹುಡುಗಿಯ ಜೀವದ ಕಸಿವಿಸಿಯನ್ನು ಯಾರು ಕೇಳಿರುತ್ತಾರೆ?

ಕಾನೂನಿದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು. ಒಪ್ಪಿಗೆ ಪತ್ರ ಸ್ವಯಂಸೇವಕನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಓದಲು ಬಾರದವನಿದ್ದರೆ ಆಸ್ಪತ್ರೆಗೆ ಸಂಬಂಧಪಡದ ಸಾಕ್ಷಿ ಕೂತಿರಬೇಕು. ಸಹಿಯಾದ ಪ್ರತಿ ನಿಮ್ಮ ಕೈಗೆ ಬರಬೇಕು. ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಗೆ ಬರಬಹುದು. ಪ್ರಯೋಗದಿಂದ ಗಾಯವಾದರೆ ಚಿಕಿತ್ಸೆಯೂ ಪರಿಹಾರವೂ ಉಂಟು. ಗಂಭೀರ ತೊಂದರೆ ಗೊತ್ತಾದ 24 ಗಂಟೆಯೊಳಗೆ ಮೇಲಿನವರಿಗೆ ವರದಿ ಹೋಗಬೇಕು. ಆದರೆ ಗಂಭೀರ ಅಂದರೆ ಏನು? ಸಾವು, ಆಸ್ಪತ್ರೆ ಸೇರುವುದು, ಅಂಗ ಊನವಾಗುವುದು, ಇಂಥವು. ನಾಲ್ಕು ತಿಂಗಳು ನಿದ್ದೆಗೆಟ್ಟ ಹುಡುಗ ಆ ಪಟ್ಟಿಯಲ್ಲಿ ಎಲ್ಲಿ ಬರುತ್ತಾನೆ?

ಇನ್ನೊಂದು ಮಾತು ಅದೇ ನಿಯಮದಲ್ಲಿದೆ, ನಮ್ಮ ಹೋರಾಟಗಾರರ ಕಣ್ಣಿಗೆ ಬಿದ್ದಂತಿಲ್ಲ. ಪ್ರತಿಯೊಂದು ಪ್ರಯೋಗಕ್ಕೂ ಎಥಿಕ್ಸ್ ಕಮಿಟಿ ಒಪ್ಪಿಗೆ ಕೊಡಬೇಕು. ಅದರಲ್ಲಿ ಕನಿಷ್ಠ ಏಳು ಜನ. ಅರ್ಧದಷ್ಟು ಜನ ಆ ಸಂಸ್ಥೆಯ ಹೊರಗಿನವರಾಗಿರಬೇಕು, ಒಬ್ಬರು ನನ್ನ ನಿಮ್ಮಂಥ ಸಾಮಾನ್ಯ ಮನುಷ್ಯರಾಗಿರಬೇಕು. ಅಂಗಡಿಯ ಬೋರ್ಡು ಕನ್ನಡವಾಗಲೆಂದು ಬೀದಿಗೆ ಇಳಿದೆವು. ಬ್ಯಾಂಕಿನ ಚಲನ್ನಿಗೆ ಜಗಳ ಮಾಡಿದೆವು. ಮಾಡಲೇಬೇಕಿತ್ತು. ಆಸ್ಪತ್ರೆಯ ಹೊರಗಿನ ಬೋರ್ಡನ್ನೂ ನೋಡಿದೆವು, ಒಳಗಿನ ಫೈಲನ್ನು ನೋಡಲಿಲ್ಲ. ಆ ಸಾಮಾನ್ಯ ಮನುಷ್ಯನ ಕುರ್ಚಿಯಲ್ಲಿ ಕನ್ನಡ ಬಲ್ಲ ಒಬ್ಬ ಮೇಷ್ಟ್ರು, ಒಬ್ಬ ಅಂಗನವಾಡಿ ಅಕ್ಕ ಕೂತು "ಸ್ವಾಮೀ, ಜೋಡಿ-ಕುರುಡು ಅಂದರೇನು?" ಎಂದು ಕೇಳಿದ್ದರೆ ನಮ್ಮ ಓಣಿಯ ತಾಯಿಯ ಮುಖ ಬಿಳುಚುತ್ತಿರಲಿಲ್ಲ.

ಅಕ್ಷರ ಕನ್ನಡವಾದರೆ ಕೆಲಸ ಮುಗಿಯಿತು ಎಂದೂ ತಿಳಿಯಬೇಡಿ. ಆ ಫೈಲಿನಲ್ಲಿ ಅಕ್ಷರ ಕನ್ನಡವೇ ಇತ್ತು. ಬೆಂಗಳೂರಿನ ಕನ್ನಡ ಕೊಪ್ಪಳದ ಹುಡುಗನಿಗೆ ಒಮ್ಮೊಮ್ಮೆ ಹಿಡಿಯುವುದಿಲ್ಲ, ಅವನು ಹೇಳಿದ "ಬ್ಯಾಸರ" ಅವರಿಗೆ ಬರೀ ಬೋರು ಎಂದು ಕೇಳಿಸುತ್ತದೆ. ಪ್ರಶ್ನೆ ಬರೆದವರು ನಾಲ್ಕು ಕಡೆಯ ಜನರ ಮುಂದೆ ಓದಿ ನೋಡಬೇಕು. ನಾವು ಲಗ್ನಪತ್ರಿಕೆಗೇ ಎರಡು ಪ್ರೂಫ್ ತೆಗೆಯುತ್ತೇವಪ್ಪಾ!

ತಪಾಸಣೆ ಅಂದರೆ ಹೊರಗೆ ಹಾಕುವುದು ಎಂಬ ಒಂದೇ ಅರ್ಥವೂ ಬೇಡ. ಸಾಲದಲ್ಲಿರುವವನು, ನೊಂದವನು ಕೇವಲ ದುಡ್ಡಿಗಾಗಿ ಬಂದಿದ್ದಾನೆಯೇ ಎಂದು ನೋಡಬೇಕು, ಅದು ಅವನ ರಕ್ಷಣೆಗೆ. ಆದರೆ "ನೀನು ಆಗುವುದಿಲ್ಲ" ಎಂದು ಕಳಿಸುವಾಗ ಯಾಕೆ ಎಂದು ಕೂರಿಸಿ ಹೇಳಬೇಕು, ಮುಂದೆ ಎಲ್ಲಿಗೆ ಹೋಗಬೇಕೆಂದು ತೋರಿಸಬೇಕು. ಮನಸ್ಸಿನ ಕಾಯಿಲೆಗೆ ಮಾತ್ರೆ ತಿನ್ನುವವರನ್ನೆಲ್ಲ ಸಾರಾಸಗಟಾಗಿ ಬಿಡುವುದೂ ಸರಿಯಲ್ಲ ಅನ್ನಿಸುತ್ತದೆ. ನಾಳೆ ಲಸಿಕೆ ಅವರಿಗೂ ಹಾಕುವುದೇ ತಾನೆ?

ಇದನ್ನೆಲ್ಲ ಮಾಡಲು ಜನ ಎಲ್ಲಿದ್ದಾರೆ ಎನ್ನುತ್ತಾರೆ. ನಮ್ಮ ಮಗ್ಗುಲಲ್ಲೇ ನೋಡಿ. ಹಳ್ಳಿಯ ಆರೋಗ್ಯ ಕೇಂದ್ರದ ಡಾಕ್ಟರು, ನರ್ಸುಗಳಿಗೇ ತರಬೇತಿ ಕೊಟ್ಟು ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಿಸಬಹುದು ಎಂದು ಬೆಂಗಳೂರಿನ ನಿಮ್ಹಾನ್ಸ್ ತೋರಿಸಿದ್ದು 1985ರಿಂದ, ಬಳ್ಳಾರಿ ಜಿಲ್ಲೆಯಲ್ಲಿ! ಬಳ್ಳಾರಿಯ ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ನಲವತ್ತು ವರ್ಷದ ಹಿಂದೆ ನಮ್ಮ ಭಾಷೆಯಲ್ಲಿ, ನಮ್ಮ ಹಳ್ಳಿಗಳಲ್ಲಿ ಆದ ಕೆಲಸ ಒಂದು ದೊಡ್ಡ ಆಸ್ಪತ್ರೆಯ ಪ್ರಯೋಗದ ಕೋಣೆಯಲ್ಲಿ ಆಗುವುದಿಲ್ಲವೇ?

ಮುಂದೆಯೂ ತೋಳು ಕೇಳುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇನ್ನೂ ಮಲೆನಾಡನ್ನು ಬಿಟ್ಟಿಲ್ಲ. ಹಳೆಯ ಲಸಿಕೆ ಸಾಲದೆಂದು 2022ರಲ್ಲಿ ನಿಲ್ಲಿಸಿದರು. ಹೊಸದರ ತಯಾರಿ ನಡೆದಿದೆ. ಬರಲೇಬೇಕು, ಬೇಗ ಬರಲಿ. ಅದು ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಕಾಡಿನಂಚಿನ ಕನ್ನಡದವರೇ ಬೇಕಾಗುತ್ತದೆ. ಅಲ್ಲಿಯ ಫೈಲಿನಲ್ಲಿ "ಕೆಳಗೆ ಅನುಭವಿಸಿದ್ದೀರಾ" ಎಂದು ಮತ್ತೆ ಅಚ್ಚಾಗಬಾರದು.

ನಮ್ಮ ಹುಡುಗನ ವಿಷಯ ಕೇಳುವಿರಿ. ಅವನನ್ನು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ನಾನೇ ಕರೆದುಕೊಂಡು ಹೋದೆ. ಆ ಡಾಕ್ಟರು ಮೊದಲು ಕೇಳಿದ್ದು "ಊಟ ಆತೇನಪಾ?" ಅಂತ. ಅರ್ಧ ಗಂಟೆ ಹುಡುಗ ಅತ್ತ. ಕೆಲವು ತಿಂಗಳು ಹೋಗಿ ಬಂದು ಮಾಡಿದ, ಈಗ ಸರಿಯಿದ್ದಾನೆ, ಮತ್ತೆ ಪಟ್ಟಣ ಸೇರಿದ್ದಾನೆ. ಈಗಾದರೆ 14416ಕ್ಕೆ ಫೋನು ಮಾಡಿ ಎನ್ನುತ್ತಿದ್ದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಅದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪ್ರಯೋಗಕ್ಕೆ ಸೇರಿದವರಷ್ಟೇ ಅಲ್ಲ, ರೂಮಿನಲ್ಲಿ ಒಬ್ಬರೇ ಎದೆಬಡಿತ ಎಣಿಸುವ ಯಾರಾದರೂ ಮಾಡಿ.

ಕಳೆದ ಸಲ ಊರಿಗೆ ಬಂದಾಗ ಅವನೂ ನಾನೂ ಪ್ರೆಸ್ಸಿನಲ್ಲಿ ಒಂದು ರಾತ್ರಿ ಕೂತು ಒಂದು ಹಾಳೆ ತಯಾರು ಮಾಡಿದೆವು. ಸಹಿ ಹಾಕುವ ಮುಂಚೆ ಕೇಳಬೇಕಾದ ಮಾತುಗಳು. ನನಗೆ ಯಾವ ಸೂಜಿ ಬಂತೆಂದು ಯಾವಾಗ ತಿಳಿಸುತ್ತೀರಿ? ರಾತ್ರಿ ಭಯವಾದರೆ ಯಾರಿಗೆ ಫೋನು ಮಾಡಲಿ, ಅವರಿಗೆ ಕನ್ನಡ ಬರುತ್ತದೆಯೇ? ನಡುವೆ ಬಿಟ್ಟರೆ ಬೈಯುವುದಿಲ್ಲ ತಾನೆ? ಪೇಪರಿನಲ್ಲಿ ಕೆಟ್ಟ ಸುದ್ದಿ ಬಂದ ದಿನ ನೀವಾಗಿಯೇ ನಮಗೆ ಫೋನು ಮಾಡುತ್ತೀರಾ? ಕಡೆಯದು ಹುಡುಗನೇ ಬರೆಸಿದ್ದು. ಡೆಮ್ಮಿ ಕಾಲು ಸೈಜಿನಲ್ಲಿ ಐನೂರು ಪ್ರತಿ ಹಾಕಿದ್ದೇನೆ. ಅವನ ತಾಯಿಯ ಮುಂದೆ ಓದಿ, ಅವಳಿಗೆ ತಿಳಿಯದ ಎರಡು ಶಬ್ದ ತೆಗೆದ ಮೇಲೆ ಅಚ್ಚು ಮಾಡಿದ್ದು. ನಿಮ್ಮ ಊರಿನ ಸಂಘಕ್ಕೆ ಬೇಕಾದರೆ ಕನಕಗಿರಿಗೆ ಬಂದು ತೆಗೆದುಕೊಂಡು ಹೋಗಿ. ಕಾಗದ, ಶಾಯಿ ಎರಡೂ ನನ್ನ ಲೆಕ್ಕ.